ಫೋರ್ಕ್‌ಲಿಫ್ಟ್ ಅಪಘಾತ: ತಪ್ಪಿಸುವುದು ಹೇಗೆ, ಆಗಿಬಿಟ್ಟರೆ ಏನು ಮಾಡಬೇಕು

ಗೋಡೌನ್‌ನಲ್ಲಿ ಮಾಲು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿಯ ಅಪಘಾತ ಆದ ಕೂಡಲೇ ಮೊದಲು ಕೇಳಿಬರುವ ಮಾತು ಒಂದೇ: 'ಡ್ರೈವರ್ ಸರಿಯಾಗಿ ನೋಡ್ಕೊಳ್ಳಲಿಲ್ಲ.' ಕೆಲವು ಸಲ ಅದು ನಿಜವೂ ಹೌದು. ಆದರೆ ವಿಚಾರಣೆ ಅಷ್ಟಕ್ಕೇ ಮುಗಿದರೆ ಮೂಲೆಯಲ್ಲಿ ಆಳೆತ್ತರಕ್ಕೆ ಪೇರಿಸಿಟ್ಟ ಖಾಲಿ ಪ್ಯಾಲೆಟ್‌ಗಳು (ಮಾಲು ಇಡುವ ಹಲಗೆಗಳು) ಅಲ್ಲೇ ಇರುತ್ತವೆ. ಜನ ಮತ್ತು ಗಾಡಿ ಒಂದೇ ಬಾಗಿಲಲ್ಲಿ ಓಡಾಡುವುದೂ ಹಾಗೇ ಮುಂದುವರಿಯುತ್ತದೆ. ಹೊಸ ಡ್ರೈವರ್ ಬಂದರೂ ಅದೇ ಜಾಗದಲ್ಲಿ ಮತ್ತೆ ಯಾರಿಗಾದರೂ ಪೆಟ್ಟು ಬೀಳುತ್ತದೆ.

ಹಾಗಾಗಿ ಇಲ್ಲಿ ಓಡಿಸುವ ವಿಷಯ ಸ್ವಲ್ಪ ತಡವಾಗಿ ಬರುತ್ತದೆ. ಮೊದಲು ಗಾಡಿಯ ಗುಣ, ಆಮೇಲೆ ಅದು ಓಡುವ ದಾರಿ. ಸೂಪರ್‌ವೈಸರ್, ಡ್ರೈವರ್, ಹೆಲ್ಪರ್, ಅಕೌಂಟ್ಸ್‌ನಿಂದ ಫೈಲ್ ಹಿಡಿದು ಗೋಡೌನ್‌ಗೆ ಬರುವವರು, ಎಲ್ಲರೂ ಓದಬಹುದು.

ಹೆಜ್ಜೆ 1: ಗಾಡಿಯ ಗುಣ ತಿಳಿದುಕೊಳ್ಳಿ

ಫೋರ್ಕ್‌ಲಿಫ್ಟ್‌ಗೆ ಸ್ಟೀರಿಂಗ್ ಇದೆ, ಬ್ರೇಕ್ ಇದೆ. ಆದರೂ ಅದು ಕಾರಿನ ಹಾಗೆ ನಡೆದುಕೊಳ್ಳುವುದಿಲ್ಲ. ಅದು ತಿರುಗುವುದು ಹಿಂದಿನ ಚಕ್ರದಿಂದ. ಮೂತಿ ಎಡಕ್ಕೆ ಹೋದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣು ಮುಂದಿನ ಫೋರ್ಕ್ ಮೇಲೆ, ಅಂದರೆ ಲೋಡ್ ಎತ್ತುವ ಕಬ್ಬಿಣದ ಕೈಗಳ ಮೇಲೆ ಇರುತ್ತದೆ, ಪೆಟ್ಟು ಹಿಂದಿನಿಂದ ಬರುತ್ತದೆ. ಗೋಡೆಗೋ ರ‍್ಯಾಕಿಗೋ ಒರಗಿ ನಿಂತವರನ್ನು ಹಿಂಭಾಗ ಅದುಮಿಬಿಡುವುದು ಹೀಗೇ.

ಎರಡನೆಯದು ತೂಕ. ಎರಡೂವರೆ ಟನ್ ಎತ್ತುವ ಗಾಡಿ ತಾನೇ ಸುಮಾರು ಮೂರೂವರೆಯಿಂದ ನಾಲ್ಕು ಟನ್ ತೂಗುತ್ತದೆ. ಲೋಡ್ ಸೇರಿದರೆ ಆರು ಟನ್ ದಾಟುತ್ತದೆ. ಗಂಟೆಗೆ 10 ಕಿ.ಮೀ. ಅಂದರೆ ನೋಡುವುದಕ್ಕೆ ಏನೂ ವೇಗ ಅನ್ನಿಸುವುದಿಲ್ಲ. ಆದರೂ ಆ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 2.8 ಮೀಟರ್ ಮುಂದೆ ಹೋಗಿರುತ್ತದೆ. ಡ್ರೈವರ್ ನೋಡಿ, ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದೂರ ಕಳೆದಿರುತ್ತದೆ. ಬ್ರೇಕ್ ಹಿಡಿದು ನಿಲ್ಲುವುದಕ್ಕೆ ಬೇಕಾದ ದೂರ ಬೇರೆ. ಜೋರಾಗಿ ಬ್ರೇಕ್ ಹಾಕಿದರೆ ಲೋಡ್ ಫೋರ್ಕಿನಿಂದ ಮುಂದಕ್ಕೆ ಜಾರುತ್ತದೆ.

ಮೂರನೆಯದು, ಮಗುಚುವ ಗುಣ. ನಾಲ್ಕು ಚಕ್ರ ಕಂಡರೂ ಗಾಡಿ ಲೆಕ್ಕಕ್ಕೆ ಮೂರು ಕಾಲಿನ ಸ್ಟೂಲ್ ಇದ್ದ ಹಾಗೆ. ಮುಂದಿನ ಎರಡು ಚಕ್ರ ಎರಡು ಕಾಲು. ಹಿಂದಿನ ಆಕ್ಸಲ್ ನಡುವೆ ಒಂದು ಪಿನ್ ಮೇಲೆ ಕೂತು ಎರಡೂ ಕಡೆ ಆಡುತ್ತದೆ, ಆ ಪಿನ್ ಮೂರನೆಯ ಕಾಲು. ಗಾಡಿ ಮತ್ತು ಲೋಡಿನ ಒಟ್ಟು ಭಾರದ ಕೇಂದ್ರ ಈ ತ್ರಿಕೋನದ ಒಳಗೆ ಇರುವವರೆಗೆ ಗಾಡಿ ನಿಂತಿರುತ್ತದೆ. ಹೊರಗೆ ಹೋದರೆ ಉರುಳುತ್ತದೆ. ಲೋಡನ್ನು ಮೇಲೆತ್ತಿಕೊಂಡು ತಿರುಗಿದರೆ ಭಾರದ ಕೇಂದ್ರ ಎತ್ತರಕ್ಕೆ ಹೋಗಿರುತ್ತದೆ, ಸಣ್ಣ ವಾಲಿಕೆಯೂ ಅದನ್ನು ಹೊರಗೆ ತಳ್ಳುತ್ತದೆ.

ಇಲ್ಲೊಂದು ವಿಷಯ ಹಳೇ ಡ್ರೈವರ್‌ಗಳಲ್ಲೂ ಕೆಲವರು ನಂಬುವುದಿಲ್ಲ. ಖಾಲಿ ಗಾಡಿ ಪಕ್ಕಕ್ಕೆ ಮಗುಚುವುದು ಸುಲಭ. ಲೋಡ್ ಇಲ್ಲದಾಗ ಭಾರವೆಲ್ಲ ಲೋಡಿಗೆ ಸರಿತೂಗಲು ಹಿಂದೆ ಇಟ್ಟಿರುವ ಕೌಂಟರ್‌ವೇಟ್ ಕಡೆಗೆ ಇರುತ್ತದೆ. ತ್ರಿಕೋನ ಸಣ್ಣದಾಗುವುದು ಹಿಂದೆಯೇ ಅಲ್ವಾ? ಲೋಡ್ ಇಳಿಸಿ, 'ಖಾಲಿ ಗಾಡಿ ತಾನೇ' ಅಂತ ಜೋರಾಗಿ ತಿರುಗಿಸುವಾಗ ಉರುಳುವುದಕ್ಕೆ ಕಾರಣ ಇದೇ.

ಹೆಜ್ಜೆ 2: ಜನರ ದಾರಿಯನ್ನೂ ಗಾಡಿಯ ದಾರಿಯನ್ನೂ ಬೇರೆ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದು, ಜಾಸ್ತಿ ಮುಂದೂಡುವುದೂ ಇದನ್ನೇ. ಪೋಸ್ಟರ್ ಅಂಟಿಸುವುದು ಸುಲಭ, ಬಾಗಿಲು ಒಡೆದು ಇನ್ನೊಂದು ಬಾಗಿಲು ಇಡುವುದು ಕಷ್ಟ.

ಒಂದು ಶಿಫ್ಟ್ ಪೂರ್ತಿ ಕೈಯಲ್ಲಿ ನಕ್ಷೆ ಹಿಡಿದು ನಿಲ್ಲಿ. ಜನ ಎಲ್ಲಿ ನಡೆಯುತ್ತಾರೆ ಎಂಬುದನ್ನು ಒಂದು ಬಣ್ಣದಲ್ಲಿ, ಗಾಡಿ ಎಲ್ಲಿ ಓಡುತ್ತದೆ ಎಂಬುದನ್ನು ಇನ್ನೊಂದು ಬಣ್ಣದಲ್ಲಿ ಗೆರೆ ಹಾಕಿ. ನಿಯಮದ ಪ್ರಕಾರ ನಡೆಯಬೇಕಾದ ದಾರಿಯನ್ನಲ್ಲ, ನಿಜವಾಗಿ ನಡೆಯುವ ದಾರಿಯನ್ನು. ಶೌಚಾಲಯಕ್ಕೆ, ನೀರಿನ ಕಡೆಗೆ, ಪಂಚಿಂಗ್ ಮೆಷಿನ್ ಕಡೆಗೆ ಜನ ಹತ್ತಿರದ ದಾರಿ ಹಿಡಿದೇ ಹಿಡಿಯುತ್ತಾರೆ. ಎರಡು ಬಣ್ಣ ಸೇರುವ ಜಾಗಗಳೇ ನಿಮ್ಮ ಮುಂದಿನ ಅಪಘಾತದ ಜಾಗಗಳು.

ಆ ಒಂದೊಂದು ಜಾಗದಲ್ಲೂ ಕ್ರಮವಾಗಿ ಯೋಚಿಸಿ. ದಾಟುವ ಅಗತ್ಯವನ್ನೇ ತಪ್ಪಿಸಬಹುದಾ? ನೀರಿನ ಟ್ಯಾಂಕನ್ನು ಈ ಕಡೆಗೆ ತಂದಿಟ್ಟರೆ ಸಾಕಾಗುತ್ತದಾ? ಆಗದಿದ್ದರೆ ಕಬ್ಬಿಣದ ತಡೆಗಂಬಿ ಹಾಕಬಹುದಾ? ಅದೂ ಆಗದಿದ್ದರೆ ಹೊತ್ತು ಬೇರೆ ಮಾಡಿ: ಶಿಫ್ಟ್ ಬಿಡುವ, ಊಟಕ್ಕೆ ಬಿಡುವ ಹತ್ತು ನಿಮಿಷ ಗಾಡಿಗಳು ನಿಂತಲ್ಲೇ ನಿಲ್ಲಲಿ. ನೆಲದ ಮೇಲಿನ ಹಳದಿ ಗೆರೆ ಕೊನೆಯ ಆಯ್ಕೆ. ಗೆರೆ ಯಾರನ್ನೂ ತಡೆಯುವುದಿಲ್ಲ, ನೆನಪು ಮಾತ್ರ ಮಾಡುತ್ತದೆ.

ಸಾಲುಗಳ ತುದಿಯಲ್ಲಿ ಮೂಲೆ ಖಾಲಿ ಇರಲಿ. ರ‍್ಯಾಕಿನ ತುದಿಗೆ ಒರಗಿಸಿ ಮಾಲು ಪೇರಿಸಿದರೆ ಗುಂಡಗಿನ ಕನ್ನಡಿ ಹಾಕಿಯೂ ಪ್ರಯೋಜನ ಇಲ್ಲ. ಗಾಡಿಯ ಮುಂದೆ ನೆಲದ ಮೇಲೆ ಬೀಳುವ ನೀಲಿ ಲೈಟ್ ಒಳ್ಳೆಯದು, ಗದ್ದಲದಲ್ಲಿ ಹಾರ್ನ್ ಕೇಳಿಸದಿದ್ದರೂ ಅದು ಕಾಣುತ್ತದೆ.

ನಡೆಯುವವರಿಗೆ ಒಂದೇ ನಿಯಮ ಕಲಿಸಬೇಕಾದರೆ ನಾನು ಇದನ್ನು ಆರಿಸುತ್ತೇನೆ: ಡ್ರೈವರ್ ನಿಮ್ಮ ಕಣ್ಣಿಗೆ ಕಣ್ಣು ಕೊಟ್ಟು, ಕೈ ಸನ್ನೆ ಮಾಡುವವರೆಗೆ ದಾಟಬೇಡಿ. ನಿಮಗೆ ಗಾಡಿ ಕಂಡಿತು ಅಂದ ಮಾತ್ರಕ್ಕೆ ಡ್ರೈವರ್‌ಗೆ ನೀವು ಕಂಡಿರಬೇಕೆಂದಿಲ್ಲ. ಫೋರ್ಕ್ ಏರಿ ಇಳಿಯುವ ಮಾಸ್ಟ್‌ನ ಕಂಬಗಳು, ಚೈನು, ಹೋಸು, ಎದುರಿನ ಲೋಡ್, ಎಲ್ಲವೂ ಅವರ ನೋಟಕ್ಕೆ ಅಡ್ಡ ಇರುತ್ತವೆ. ಎತ್ತಿದ ಫೋರ್ಕಿನ ಕೆಳಗೆ ಮಾತ್ರ ಯಾವತ್ತೂ ಹೋಗಬಾರದು, ಖಾಲಿ ಇದ್ದರೂ ಸರಿ.

ಹೆಜ್ಜೆ 3: ಕೀ ತಿರುಗಿಸುವ ಮುಂಚೆ ಒಂದು ಸುತ್ತು

ಶಿಫ್ಟ್ ಶುರುವಿನಲ್ಲಿ ಗಾಡಿ ಸುತ್ತ ಒಂದು ಸಲ ನಡೆಯಿರಿ. ಟೈರ್, ಚಕ್ರದ ನಟ್ಟು, ನೆಲದ ಮೇಲೆ ಎಣ್ಣೆ ಹನಿ, ಚೈನಿನ ಬಿಗಿ, ಫೋರ್ಕಿನ ಲಾಕ್ ಪಿನ್. ಆಮೇಲೆ ಕೂತು ಬ್ರೇಕ್, ಹ್ಯಾಂಡ್ ಬ್ರೇಕ್, ಸ್ಟೀರಿಂಗ್, ಹಾರ್ನ್, ಲೈಟ್, ಸೀಟ್ ಬೆಲ್ಟ್. ಐದು ನಿಮಿಷದ ಕೆಲಸ. ಎಷ್ಟೋ ಕಡೆ ಚೆಕ್‌ಲಿಸ್ಟ್ ಹಾಳೆಯಲ್ಲಿ ಇಡೀ ವಾರದ ಟಿಕ್ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇರುತ್ತದೆ. ಅಂಥ ಹಾಳೆ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಗಾಡಿ ಸರಿ ಇದೆ ಎಂಬ ಸುಳ್ಳು ಧೈರ್ಯವಾದರೂ ತಪ್ಪುತ್ತದೆ.

ಎರಡು ವಿಷಯ ಹತ್ತಿರದಿಂದ ನೋಡಬೇಕು. ಒಂದು, ಫೋರ್ಕಿನ ಮೊಣಕೈ, ಅಂದರೆ ಅದು ಬಾಗುವ ಜಾಗ. ನೆಲಕ್ಕೆ ಉಜ್ಜಿ ಉಜ್ಜಿ ಅದು ತೆಳುವಾಗುತ್ತದೆ. ದಪ್ಪ ಶೇಕಡಾ 10ರಷ್ಟು ಸವೆದರೆ ಆ ಫೋರ್ಕ್ ಬದಲಿಸಬೇಕು, ಯಾಕೆಂದರೆ ಅಷ್ಟಕ್ಕೇ ಅದರ ಶಕ್ತಿ ಸುಮಾರು ಶೇಕಡಾ 20 ಇಳಿದಿರುತ್ತದೆ. ಕಣ್ಣಳತೆ ಸಾಲದು, ಕ್ಯಾಲಿಪರ್ ಹಿಡಿದು ಅಳೆಯಿರಿ. ಸವೆಯದ ಮೇಲಿನ ಭಾಗದ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ.

ಇನ್ನೊಂದು, ಹೈಡ್ರಾಲಿಕ್ ಹೋಸ್, ಅಂದರೆ ಭಾರಿ ಒತ್ತಡದಲ್ಲಿ ಎಣ್ಣೆ ಹರಿಯುವ ಪೈಪ್. ಎಣ್ಣೆ ಸೋರುತ್ತಿದೆಯಾ ಅಂತ ಬೆರಳಿನಿಂದ ಸವರಿ ನೋಡುವುದು ತುಂಬಾ ಜನರ ಅಭ್ಯಾಸ. ಹಾಗೆ ಮಾಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಆ ಒತ್ತಡದಲ್ಲಿ ಗ್ಲೌಸ್ ಮತ್ತು ಚರ್ಮ ಎರಡನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಒಂದು ಚುಕ್ಕೆ. ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಬೆರಳು ಬಾತು, ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ. ಬ್ಯಾಂಡೇಜ್ ಸುತ್ತಿ ಮನೆಗೆ ಹೋಗುವ ಗಾಯ ಅಲ್ಲ ಇದು. ತಕ್ಷಣ ಆಪರೇಷನ್ ಬೇಕಾಗುವ ಗಾಯ, ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು. ಆಸ್ಪತ್ರೆಯಲ್ಲಿ 'ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ' ಎಂದು ಬಾಯಿಬಿಟ್ಟು ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು.

ಡೀಸೆಲ್, ಎಲ್‌ಪಿಜಿ ಗಾಡಿಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ. ಮುಚ್ಚಿದ ಗೋಡೌನ್‌ನಲ್ಲಿ ಹಲವರಿಗೆ ಒಟ್ಟಿಗೇ ತಲೆನೋವು, ಓಕರಿಕೆ ಬಂದರೆ ಎಲ್ಲರನ್ನೂ ಹೊರಗೆ ಕಳಿಸಿ. ಲೆಡ್-ಆಸಿಡ್ ಬ್ಯಾಟರಿ ಗಾಡಿ ಚಾರ್ಜ್ ಆಗುವಾಗ ಬೇಗ ಬೆಂಕಿ ಹಿಡಿಯುವ ಹೈಡ್ರೋಜನ್ ಬರುತ್ತದೆ. ಅಲ್ಲಿ ಗಾಳಿ ಆಡಬೇಕು, ಬೀಡಿ ಸಿಗರೇಟು ಸೇದಬಾರದು.

ದೋಷ ಕಂಡರೆ ಕೀ ತೆಗೆದು ಸೂಪರ್‌ವೈಸರ್ ಕೈಗೆ ಕೊಡಿ, ಗಾಡಿಗೆ ಬೋರ್ಡ್ ಹಾಕಿ. 'ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೋ' ಎಂಬ ಮಾತು ಬಂದರೆ ದೋಷ ಏನೆಂದು ಬರೆದು, ತಾರೀಕು ಹಾಕಿ ಕೊಡಿ. ಬರವಣಿಗೆಯಲ್ಲಿ ಕೊಟ್ಟ ಮೇಲೆ ಅಡ್ಜಸ್ಟ್ ಮಾಡಿಕೊಳ್ಳಿ ಅನ್ನುವವರು ಕಡಿಮೆ.

ಹೆಜ್ಜೆ 4: ಲೋಡ್ ಎಷ್ಟು, ಎಲ್ಲಿ ಕೂತಿದೆ

ಪ್ರತಿ ಗಾಡಿಯ ಮೇಲೆ ಒಂದು ಲೋಹದ ಪ್ಲೇಟ್ ಇರುತ್ತದೆ. ಎಷ್ಟು ತೂಕ, ಯಾವ ಲೋಡ್ ಸೆಂಟರ್‌ನಲ್ಲಿ, ಎಷ್ಟು ಎತ್ತರಕ್ಕೆ ಎಂದು ಅದರ ಮೇಲೆ ಇರುತ್ತದೆ. ಲೋಡ್ ಸೆಂಟರ್ ಅಂದರೆ ಫೋರ್ಕಿನ ಬುಡದಿಂದ ಲೋಡಿನ ನಡುಮಧ್ಯಕ್ಕೆ ಇರುವ ದೂರ. ಸಾಮಾನ್ಯವಾಗಿ ಇದು 500 ಮಿ.ಮೀ. ಅಥವಾ 600 ಮಿ.ಮೀ. ಇರುತ್ತದೆ.

'ಎರಡು ಟನ್ ಗಾಡಿ, ಎರಡು ಟನ್ ಎತ್ತುತ್ತೆ' ಎಂಬ ನಂಬಿಕೆ ಎಡವುವುದು ಇಲ್ಲಿ. 500 ಮಿ.ಮೀ.ಗೆ 2,000 ಕಿಲೋ ಎತ್ತುವ ಗಾಡಿ ಅಂದುಕೊಳ್ಳಿ. ಮುಂದಿನ ಚಕ್ರದ ನಡುವಿನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಇದೆ. ಒಟ್ಟು ದೂರ 900. ಈಗ ಉದ್ದದ ಪೆಟ್ಟಿಗೆ ಬಂತು, ಅದರ ನಡು ಬುಡದಿಂದ 700 ಮಿ.ಮೀ. ದೂರ ಇದೆ. ಒಟ್ಟು ದೂರ 1,100 ಆಯಿತು. 2,000ವನ್ನು 900ರಿಂದ ಗುಣಿಸಿ 1,100ರಿಂದ ಭಾಗಿಸಿದರೆ ಸುಮಾರು 1,636 ಕಿಲೋ. ಗಾಡಿ ಅದೇ, ಎತ್ತುವ ಶಕ್ತಿ ಮುನ್ನೂರಕ್ಕೂ ಜಾಸ್ತಿ ಕಿಲೋ ಕಡಿಮೆ. ಈ ಲೆಕ್ಕ ವಿಷಯ ಅರ್ಥವಾಗಲಿ ಅಂತ ಮಾತ್ರ. ಕೆಲಸದಲ್ಲಿ ಪ್ಲೇಟಿನ ಅಂಕಿಯನ್ನೇ ನೋಡಿ. ಕ್ಲ್ಯಾಂಪ್, ಸೈಡ್ ಶಿಫ್ಟರ್ ಥರದ ಹೆಚ್ಚುವರಿ ಸಾಮಾನು ಹಾಕಿಸಿದ್ದರೆ ಶಕ್ತಿ ಇನ್ನೂ ಇಳಿಯುತ್ತದೆ, ಅದಕ್ಕೆ ಹೊಸ ಪ್ಲೇಟ್ ಬೇಕು.

ಲೋಡನ್ನು ಫೋರ್ಕಿನ ಬುಡಕ್ಕೆ ತಾಗುವವರೆಗೆ ಒಳಗೆ ತೆಗೆದುಕೊಳ್ಳಿ. ಎರಡೂ ಫೋರ್ಕಿನ ಮೇಲೆ ಭಾರ ಸಮನಾಗಿ ಬರಲಿ. ಮುರಿದ ಪ್ಯಾಲೆಟ್ ಎತ್ತಬೇಡಿ.

ಲೋಡ್ ವಾಲಿದಾಗ ನಡೆಯುವ ಒಂದು ದೃಶ್ಯ ಎಲ್ಲರಿಗೂ ಪರಿಚಿತ. ಹೆಲ್ಪರ್ ಓಡಿಬಂದು, 'ಅಣ್ಣಾ, ನೀನು ಎತ್ತು, ನಾನು ಹಿಡ್ಕೊಂಡಿರ್ತೀನಿ' ಅನ್ನುತ್ತಾನೆ. ಎರಡು ಅಂಗೈ ಪೆಟ್ಟಿಗೆಗೆ ಒತ್ತಿ, ಒಂದು ಕಾಲು ಪ್ಯಾಲೆಟ್ ಕೆಳಗೆ ಬರುವ ಹಾಗೆ ನಿಲ್ಲುತ್ತಾನೆ. ಡ್ರೈವರ್‌ಗೆ ಅವನ ತಲೆ ಮಾತ್ರ ಕಾಣುತ್ತದೆ. ಅರ್ಧ ಟನ್ ಜಾರಿದರೆ ಯಾವ ಕೈಯೂ ಅದನ್ನು ತಡೆಯಲಾರದು. ಡ್ರೈವರ್ ಉತ್ತರ ಒಂದೇ ಇರಬೇಕು: 'ನೀನು ದೂರ ಹೋಗು, ನಾನು ಇಳಿಸ್ತೀನಿ.' ಇಳಿಸಿ, ಕಟ್ಟಿ, ಮತ್ತೆ ಎತ್ತಬೇಕು.

ಹಾಗೇ ಬಲ್ಬ್ ಬದಲಿಸುವುದಕ್ಕೆ, ಮೇಲಿನ ರ‍್ಯಾಕಿನ ಸಾಮಾನು ಎಣಿಸುವುದಕ್ಕೆ ಪ್ಯಾಲೆಟ್ ಮೇಲೆ ಆಳನ್ನು ನಿಲ್ಲಿಸಿ ಎತ್ತುವುದು. ಇದನ್ನು ಎಷ್ಟು ಗಟ್ಟಿಯಾಗಿ ಬೇಡ ಅಂದರೂ ಕಡಿಮೆಯೇ. ಆ ಕೆಲಸಕ್ಕೆಂದೇ ಮಾಡಿದ, ಕಂಬಿ ಇರುವ, ಗಾಡಿಗೆ ಬಿಗಿಯುವ ಕಟಕಟೆ ಇಲ್ಲದಿದ್ದರೆ ಏಣಿಯನ್ನೋ ಬೇರೆ ಯಂತ್ರವನ್ನೋ ತರಿಸಿ.

ಹೆಜ್ಜೆ 5: ಓಡಿಸುವಾಗ

ಬೆಲ್ಟ್ ಹಾಕಿ. ಫೋರ್ಕ್ ನೆಲದಿಂದ 15ರಿಂದ 20 ಸೆಂ.ಮೀ. ಎತ್ತರದಲ್ಲಿ, ಮಾಸ್ಟ್ ಸ್ವಲ್ಪ ಹಿಂದಕ್ಕೆ ವಾಲಿರಲಿ. ಕೈ ಕಾಲು ಗಾಡಿಯ ಒಳಗೇ ಇರಬೇಕು. ಹೊರಗೆ ಚಾಚಿದ ಕಾಲು ಕಂಬಕ್ಕೂ ಗಾಡಿಗೂ ನಡುವೆ ಸಿಕ್ಕುವುದು ಕ್ಷಣದ ಕೆಲಸ. ಎದುರಿನದು ಕಾಣದಷ್ಟು ಲೋಡ್ ಇದ್ದರೆ ರಿವರ್ಸ್‌ನಲ್ಲಿ ಹೋಗಿ.

ಇಳಿಜಾರಿನ ನಿಯಮ ತಲೆಕೆಳಗಾಗಿ ಕಾಣುತ್ತದೆ, ಅದಕ್ಕೇ ಮರೆತುಹೋಗುತ್ತದೆ. ಲೋಡ್ ಇದ್ದಾಗ ಲೋಡ್ ಯಾವಾಗಲೂ ಏರಿನ ಕಡೆಗೆ ಇರಬೇಕು. ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಖಾಲಿ ಗಾಡಿಗೆ ಉಲ್ಟಾ: ಫೋರ್ಕ್ ಇಳಿಜಾರಿನ ಕಡೆಗೆ. ಎರಡರಲ್ಲೂ ಇಳಿಜಾರಿನ ಮೇಲೆ ತಿರುಗಿಸಬಾರದು.

ಲಾರಿಯೊಳಗೆ ಗಾಡಿ ನುಗ್ಗಿಸುವ ಮುಂಚೆ ಇಳಿದು ನೋಡಿ. ಚಕ್ರಕ್ಕೆ ಅಡ್ಡಗಟ್ಟೆ ಇದೆಯಾ, ಲಾರಿ ಡ್ರೈವರ್ ಎಲ್ಲಿದ್ದಾರೆ, ಲಾರಿಯ ತಳದ ಹಲಗೆ ಗಾಡಿಯ ಭಾರ ತಡೆಯುತ್ತದಾ? ಫೋರ್ಕ್‌ಲಿಫ್ಟ್ ಒಳಗೆ ಹೊರಗೆ ಓಡಾಡುವಾಗ ಪ್ರತಿ ಸಲದ ತಳ್ಳಾಟಕ್ಕೂ ಲಾರಿ ಚೂರು ಚೂರು ಮುಂದಕ್ಕೆ ಸರಿಯುತ್ತದೆ. ಕೊನೆಗೆ ಡಾಕ್‌ಗೂ (ಲಾರಿ ನಿಲ್ಲುವ ಲೋಡಿಂಗ್ ಕಟ್ಟೆ) ಲಾರಿಗೂ ನಡುವೆ ಹಾಸಿದ ಡಾಕ್ ಪ್ಲೇಟ್ ಜಾರಿ ಗಾಡಿ ಆ ಸಂದಿಯಲ್ಲಿ ಬೀಳುತ್ತದೆ. ಲೋಡಿಂಗ್ ಮುಗಿಯುವವರೆಗೆ ಲಾರಿಯ ಕೀ ಡಾಕ್‌ನವರ ಬಳಿ ಇರುವುದು ನಾನು ನೋಡಿದ ವ್ಯವಸ್ಥೆಗಳಲ್ಲೆಲ್ಲ ಸರಳವಾದದ್ದು.

ಇಳಿಯುವಾಗ ಫೋರ್ಕ್ ನೆಲಕ್ಕೆ, ಗೇರ್ ನ್ಯೂಟ್ರಲ್‌ಗೆ, ಹ್ಯಾಂಡ್ ಬ್ರೇಕ್ ಮೇಲಕ್ಕೆ, ಕೀ ಜೇಬಿಗೆ. ಕೀ ಬಿಟ್ಟು ಹೋದ ಗಾಡಿಯನ್ನು ತರಬೇತಿ ಇಲ್ಲದ ಯಾರೋ 'ಸುಮ್ನೆ ಸ್ವಲ್ಪ ಪಕ್ಕಕ್ಕೆ' ತಳ್ಳಲು ಹತ್ತುತ್ತಾರೆ.

ತರಬೇತಿಯ ಬಗ್ಗೆ ಒಂದು ಅಳತೆ ಬೇಕಿದ್ದರೆ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಷಾ (OSHA) ನಿಯಮ ನೋಡಬಹುದು. ಪಾಠ, ಕೈಯಾರೆ ಅಭ್ಯಾಸ, ಆಮೇಲೆ ಅದೇ ಜಾಗದಲ್ಲಿ ಓಡಿಸಿ ತೋರಿಸುವುದು, ಈ ಮೂರೂ ಬೇಕು. ಮೂರು ವರ್ಷಕ್ಕೊಮ್ಮೆಯಾದರೂ ಡ್ರೈವರ್ ಓಡಿಸುವುದನ್ನು ಮತ್ತೆ ಪರೀಕ್ಷಿಸಬೇಕು. ಅಪಘಾತ ಆದರೆ, ಸ್ವಲ್ಪದರಲ್ಲಿ ತಪ್ಪಿದರೂ, ಮರುತರಬೇತಿ ಕೊಡಬೇಕು.

ಹೆಜ್ಜೆ 6: ಗಾಡಿ ಮಗುಚುತ್ತಿದ್ದರೆ

ಹಾರಬೇಡಿ. ಮೈ ಹಾರು ಅನ್ನುತ್ತದೆ, ಆದರೂ ಹಾರಬೇಡಿ. ಹಾರಿದವರು ಬೀಳುವುದು ಗಾಡಿ ಬೀಳುವ ಕಡೆಗೇ. ತಲೆ ಮೇಲಿನ ಕಬ್ಬಿಣದ ಚೌಕಟ್ಟು ಅವರ ಮೇಲೇ ಬರುತ್ತದೆ. ಕೂತು ಓಡಿಸುವ ಗಾಡಿಯಾದರೆ ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಕಾಲನ್ನು ಗಾಡಿಯ ಒಳಗಿನ ತಳಕ್ಕೆ ಒತ್ತಿ, ಬೀಳುತ್ತಿರುವ ಕಡೆಗೆ ವಿರುದ್ಧವಾಗಿ ವಾಲಿ. ಹಿಂದಿನಿಂದ ಹತ್ತಿ ನಿಂತು ಓಡಿಸುವ ಗಾಡಿಗೆ ಮಾತ್ರ ನಿಯಮ ಬೇರೆ: ಹಿಂದಕ್ಕೆ ಹೆಜ್ಜೆ ಇಟ್ಟು ಹೊರಗೆ ಬರಬೇಕು. ನಿಮ್ಮ ಗಾಡಿಗೆ ಯಾವುದು ಎಂದು ಮೊದಲೇ ಗೊತ್ತಿರಬೇಕು. ಯೋಚಿಸಲು ಒಂದು ಸೆಕೆಂಡೂ ಸಿಗುವುದಿಲ್ಲ.

ಹೆಜ್ಜೆ 7: ಯಾರಿಗಾದರೂ ಪೆಟ್ಟು ಬಿದ್ದರೆ

ಮೊದಲು ಗಾಡಿಗಳೆಲ್ಲ ನಿಲ್ಲಲಿ. ಒಬ್ಬರ ಹೆಸರು ಕೂಗಿ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೇಳಿ. 'ಯಾರಾದ್ರೂ ಫೋನ್ ಮಾಡಿ' ಅಂದರೆ ಯಾರೂ ಮಾಡುವುದಿಲ್ಲ. ಇನ್ನೊಬ್ಬರನ್ನು ಗೇಟಿಗೆ ಕಳಿಸಿ ದಾರಿ ತೋರಿಸಲು ಹೇಳಿ.

ಚಕ್ರದ ಕೆಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ ಗಾಬರಿಯಲ್ಲಿ ರಿವರ್ಸ್ ಹಾಕಬೇಡಿ. ಚಕ್ರ ಮತ್ತೊಮ್ಮೆ ಅದೇ ಮೈ ಮೇಲೆ ಹರಿಯಬಹುದು. ಎಂಜಿನ್ ಆರಿಸಿ, ಗಾಡಿ ಕದಲದ ಹಾಗೆ ಅಡ್ಡ ಇಟ್ಟು, ಜ್ಯಾಕ್‌ನಿಂದ ಎತ್ತುವುದು ಸರಿ. ಆಗಷ್ಟೇ ಸಿಕ್ಕಿಕೊಂಡಿದ್ದರೆ, ಎತ್ತುವ ಸಾಧನ ಮತ್ತು ಅದನ್ನು ಬಲ್ಲವರು ಅಲ್ಲೇ ಇದ್ದರೆ ಭಾರ ತೆಗೆಯಿರಿ. ತುಂಬಾ ಹೊತ್ತು ಅದುಮಿ ಹೋಗಿದ್ದರೆ ಆಂಬುಲೆನ್ಸ್‌ನವರು ಹೇಳಿದಂತೆ ನಡೆಯಿರಿ. ಜಜ್ಜಿದ ಮಾಂಸದಲ್ಲಿ ಸೇರಿಕೊಂಡ ಪೊಟ್ಯಾಸಿಯಂ ಮೊದಲಾದವು ಭಾರ ತೆಗೆದೊಡನೆ ರಕ್ತಕ್ಕೆ ನುಗ್ಗಿ ಹೃದಯ, ಕಿಡ್ನಿ ಎರಡಕ್ಕೂ ಪೆಟ್ಟು ಕೊಡುತ್ತವೆ. ಎಷ್ಟು ಗಂಟೆಗೆ ಸಿಕ್ಕಿಕೊಂಡರು ಎಂಬುದನ್ನು ಬರೆದಿಡಿ. ಡಾಕ್ಟರಿಗೆ ಅದು ತುಂಬಾ ಮುಖ್ಯ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ, ಆಗಾಗ ಎತ್ತಿ ನೋಡಬೇಡಿ. ಬೆರಳು ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಡಿ. ಬೆರಳನ್ನು ನೇರವಾಗಿ ಐಸ್‌ಗೆ ಹಾಕಿದರೆ ಅದು ಹಾಳಾಗುತ್ತದೆ. ಕತ್ತು, ಬೆನ್ನಿಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ ಎತ್ತಿ ಕೂರಿಸಬೇಡಿ. ಬ್ಯಾಟರಿ ಆಸಿಡ್ ಕಣ್ಣಿಗೆ ಬಿದ್ದಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಆಸ್ಪತ್ರೆ.

ಹೆಜ್ಜೆ 8: ಸಾಕ್ಷಿ ಮತ್ತು ಕಾಗದ

ಗಾಯಾಳು ಆಸ್ಪತ್ರೆಗೆ ಹೋದ ಅರ್ಧ ಗಂಟೆಯಲ್ಲಿ ನೆಲ ತೊಳೆದು, ಗಾಡಿ ಪಕ್ಕಕ್ಕೆ ಇಟ್ಟು ಕೆಲಸ ಶುರುಮಾಡುವುದು ಬಹಳ ಕಡೆ ನಡೆಯುತ್ತದೆ. ಅಷ್ಟರಲ್ಲಿ ಕಾರಣವೂ ತೊಳೆದುಹೋಗಿರುತ್ತದೆ. ಜಾಗಕ್ಕೆ ಹಗ್ಗ ಕಟ್ಟಿ. ದೂರದಿಂದ ಒಂದಷ್ಟು ಫೋಟೋ, ಹತ್ತಿರದಿಂದ ಒಂದಷ್ಟು: ಫೋರ್ಕಿನ ಎತ್ತರ, ಟೈರಿನ ಗುರುತು, ಲೋಡ್, ಪ್ಲೇಟ್, ಡ್ರೈವರ್ ಸೀಟಿನಿಂದ ಎದುರಿಗೆ ಏನು ಕಾಣುತ್ತದೆ ಎಂಬುದು. ಕೊನೆಯದನ್ನು ಯಾರೂ ತೆಗೆಯುವುದಿಲ್ಲ, ಎಷ್ಟೋ ಸಲ ಉತ್ತರ ಅದರಲ್ಲೇ ಇರುತ್ತದೆ. ಸಿಸಿಟಿವಿ ರೆಕಾರ್ಡಿಂಗ್ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಅವತ್ತೇ ಕಾಪಿ ಮಾಡಿಸಿ. ಆ ದಿನದ ಚೆಕ್‌ಲಿಸ್ಟ್, ರಿಪೇರಿ ದಾಖಲೆ, ಡ್ರೈವರ್‌ನ ತರಬೇತಿ ಪತ್ರ, ಶಿಫ್ಟ್ ಎಷ್ಟು ಗಂಟೆಯದು ಎಂಬುದು, ಎಲ್ಲ ತೆಗೆದಿಡಿ.

ವಿಚಾರಣೆಯಲ್ಲಿ 'ಯಾರು' ಅಂತ ಕೇಳುವ ಮುಂಚೆ 'ಆ ಹೊತ್ತಿಗೆ ಅವರು ಅಲ್ಲಿ ಯಾಕೆ ನಡೆಯುತ್ತಿದ್ದರು' ಅಂತ ಕೇಳಿ. ನಡೆಯಲು ಬೇರೆ ದಾರಿ ಇತ್ತಾ? ಗಂಟೆಗೆ ಇಷ್ಟು ಪ್ಯಾಲೆಟ್ ಎಂಬ ಟಾರ್ಗೆಟ್ ಇತ್ತಾ? ಆ ಮೂಲೆಯಲ್ಲಿ ಈ ಹಿಂದೆ ಸ್ವಲ್ಪದರಲ್ಲಿ ತಪ್ಪಿದ್ದು ಯಾರಿಗೆಲ್ಲ ಗೊತ್ತಿತ್ತು?

ಪೆಟ್ಟು ಬಿದ್ದವರಿಗೆ, ಅವರ ಮನೆಯವರಿಗೆ ನಾಲ್ಕು ಮಾತು. ಡಾಕ್ಟರಿಗೆ ಮೊದಲ ದಿನವೇ 'ಕೆಲಸದ ಜಾಗದಲ್ಲಿ ಫೋರ್ಕ್‌ಲಿಫ್ಟ್‌ನಿಂದ ಆದದ್ದು' ಎಂದು ಹೇಳಿ, ಕೇಸ್ ಶೀಟಿನಲ್ಲಿ ಹಾಗೇ ಬರೆದಿದ್ದಾರಾ ಅಂತ ನೋಡಿ. 'ಬಿದ್ದು ಗಾಯ' ಎಂದಷ್ಟೇ ಇದ್ದರೆ ಮುಂದೆ ಪರಿಹಾರ ಕೇಳುವಾಗ ಅದೇ ಅಡ್ಡ ಬರುತ್ತದೆ. ಅಪಘಾತದ ವರದಿಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ ಸಹಿ ಹಾಕಬೇಡಿ, ಎಷ್ಟೇ ಪ್ರೀತಿಯಿಂದ ಕೇಳಿದರೂ. ಬಿಲ್, ಎಕ್ಸ್‌ರೇ, ಸಂಬಳದ ಚೀಟಿ ಒಂದೇ ಫೈಲಿನಲ್ಲಿರಲಿ. ಪರಿಹಾರದ ಅರ್ಜಿಗೆ ಬಹುತೇಕ ಎಲ್ಲ ಕಡೆ ಗಡುವು ಇರುತ್ತದೆ, ಗಾಯ ಮಾಯಲಿ ಅಂತ ಕಾಯಬೇಡಿ. ಗಾಡಿ ಬಾಡಿಗೆಯದ್ದಾಗಿದ್ದರೆ, ಅಥವಾ ರಿಪೇರಿ ಹೊರಗಿನವರು ಮಾಡಿದ್ದರೆ, ಜವಾಬ್ದಾರಿ ಅವರಿಗೂ ಬರಬಹುದು. ಇದನ್ನು ವಕೀಲರ ಹತ್ತಿರವೋ ಯೂನಿಯನ್ ಹತ್ತಿರವೋ ಕೇಳಿ.

ಇನ್ನು ಗಾಡಿ. ಮಗುಚಿದ ಅಥವಾ ಡಿಕ್ಕಿ ಹೊಡೆದ ಗಾಡಿಯನ್ನು ನಿಲ್ಲಿಸಿ, ತೊಳೆದು, ಹಾಗೇ ಶಿಫ್ಟಿಗೆ ಬಿಡಬೇಡಿ. ಮಾಸ್ಟ್, ಚೈನು, ಫೋರ್ಕ್, ತಲೆ ಮೇಲಿನ ಚೌಕಟ್ಟು, ಎಲ್‌ಪಿಜಿ ಪೈಪ್ ಅಥವಾ ಬ್ಯಾಟರಿಯನ್ನು ಬಲ್ಲ ಮೆಕ್ಯಾನಿಕ್ ನೋಡಿ ಬರೆದುಕೊಡಲಿ. ಗಾಡಿ ತಾಗಿದ ರ‍್ಯಾಕಿನ ಕಂಬವನ್ನೂ ನೋಡಿಸಿ. ಬಾಗಿದ ಕಂಬ ಆವತ್ತು ನಿಂತಿರುತ್ತದೆ, ಮುಂದೆ ಯಾವತ್ತೋ ಮೇಲಿನ ಹಲಗೆಗೆ ಪೂರ್ತಿ ಲೋಡ್ ಬಿದ್ದಾಗ ಕುಸಿಯುತ್ತದೆ. ಅದನ್ನು ನೋಡಿ ಮುಗಿಸುವವರೆಗೆ ಆ ಸಾಲಿನ ಮಾಲು ಇಳಿಸಿ ಖಾಲಿ ಇಡಿ.